ಎಮರಾಲ್ಡ್ ಬೇ: ರಸ್ತೆಯಂಚಿನ ಫೋಟೊ ಮುಗಿಸಿ ಕೆಳಗಿಳಿಯುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಕನ್ನಡ ಮನೆಗಳಿಗೆ ಊರಿಂದ ಅಪ್ಪ-ಅಮ್ಮ ಬಂದರೆ ಲೇಕ್ ಟಾಹೋ ಪ್ರವಾಸ ಇದ್ದದ್ದೇ. ಅಲ್ಲಿಗೆ ಹೋದ ಹೆಚ್ಚಿನವರು ಮಾಡುವುದೂ ಒಂದೇ. ಹೈವೇ 89ರ ತಿರುವಿನಲ್ಲಿ ಕಾರು ನಿಲ್ಲಿಸುತ್ತಾರೆ. ಹಸಿರು ನೀರು, ನಡುವೆ ಪುಟ್ಟ ದ್ವೀಪ, ಹಿಂದೆ ಬೆಟ್ಟ ಬರುವ ಹಾಗೆ ಫೋಟೊ ತೆಗೆಯುತ್ತಾರೆ. ಹದಿನೈದು ನಿಮಿಷಕ್ಕೆ ಮುಂದಿನ ಜಾಗಕ್ಕೆ ಹೊರಟಿರುತ್ತಾರೆ. ಫೋಟೊ ಚೆನ್ನಾಗಿಯೇ ಬರುತ್ತದೆ, ಎರಡು ಮಾತಿಲ್ಲ. ಆದರೆ ಎಮರಾಲ್ಡ್ ಬೇ ಸ್ಟೇಟ್ ಪಾರ್ಕ್‌ನ ಅಸಲಿ ಸರಕು ಇರುವುದು ರಸ್ತೆಯಿಂದ ಸುಮಾರು 400 ಅಡಿ ಕೆಳಗೆ, ನೀರಿನ ಅಂಚಿನಲ್ಲಿ. ಒಂದು ಮೈಲಿ ನಡೆದು ಇಳಿಯಬೇಕು, ಅಷ್ಟೇ. ಆಮೇಲೆ ಅದೇ ಮೈಲಿ ಹತ್ತಬೇಕು, ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ಎತ್ತರದ ಅಂದಾಜು ಸಿಗಲಿ ಅಂತ ಒಂದು ಲೆಕ್ಕ. ಟಾಹೋ ಸರೋವರದ ನೀರಿನ ಮಟ್ಟವೇ ಸಮುದ್ರದಿಂದ 6,225 ಅಡಿ ಮೇಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿಗಿಂತ ಇದು ನೂರು ಅಡಿ ಚಿಲ್ಲರೆ ಮಾತ್ರ ಕಡಿಮೆ. ಅಷ್ಟು ಎತ್ತರದಲ್ಲಿ 22 ಮೈಲಿ ಉದ್ದ, 12 ಮೈಲಿ ಅಗಲದ ನೀರು. ಆಳ 1,645 ಅಡಿ. ಇದರ ನೈಋತ್ಯ ಮೂಲೆಯಲ್ಲಿ ಒಳಗೆ ಚಾಚಿಕೊಂಡಿರುವ ಕೊಲ್ಲಿಯೇ ಎಮರಾಲ್ಡ್ ಬೇ.

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ

ಇಲ್ಲಿ ನೋಡಬೇಕಾದವು ಮುಖ್ಯವಾಗಿ ಮೂರು: ಜಲಪಾತ, ವೈಕಿಂಗ್ಸ್‌ಹೋಮ್ ಅನ್ನುವ ಹಳೆಯ ಮನೆ, ಮತ್ತು ಕೊಲ್ಲಿಯ ನಡುವಿನ ಫ್ಯಾನೆಟ್ ದ್ವೀಪ. ಮೂರಕ್ಕೂ ಬೇರೆ ಬೇರೆ ಕಾಲ. ಈಗಲ್ ಫಾಲ್ಸ್ ಜೋರಾಗಿ ಧುಮುಕುವುದು ಹಿಮ ಕರಗುವ ಮೇ-ಜೂನ್‌ನಲ್ಲಿ. ಆಗಸ್ಟ್ ಕೊನೆಗೆ ಹೋದರೆ ಬಂಡೆ ಜಾಸ್ತಿ, ನೀರು ಕಡಿಮೆ. ಮನೆಯ ಒಳಗೆ ಬಿಡುವುದು ಬೇಸಿಗೆಯಲ್ಲಿ, ಸಾಮಾನ್ಯವಾಗಿ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ದ್ವೀಪದಲ್ಲಿ ಕೆನಡಾ ಬಾತುಗಳು ಗೂಡು ಕಟ್ಟುವುದರಿಂದ ಫೆಬ್ರವರಿ 1ರಿಂದ ಜೂನ್ 15ರವರೆಗೆ ಅಲ್ಲಿ ಕಾಲಿಡುವಂತಿಲ್ಲ.

ಹಾಗಾಗಿ ಮೂರೂ ಬೇಕು ಅನ್ನುವವರಿಗೆ ಜೂನ್ ಕೊನೆಯ ಎರಡು ವಾರ ಸರಿಯಾದ ಹೊತ್ತು. ವಾರದ ನಡುವೆ ರಜೆ ಹಾಕಲು ಆದರೆ ಇನ್ನೂ ಒಳ್ಳೆಯದು. ಜುಲೈ 4ರ ಆಸುಪಾಸಿನ ವಾರಾಂತ್ಯಕ್ಕೆ ಮಾತ್ರ ಹೋಗಬೇಡಿ. ಅದು ಪ್ರವಾಸ ಅಲ್ಲ, ಟ್ರಾಫಿಕ್ ಜಾಮ್‌ನಲ್ಲಿ ಪಿಕ್‌ನಿಕ್.

ಜನಸಂದಣಿ ಬೇಡವೆಂದರೆ ಅಕ್ಟೋಬರ್ ಮೊದಲ ವಾರಗಳು ಚೆನ್ನ. ಮನೆ ಮುಚ್ಚಿರುತ್ತದೆ, ಆದರೆ ದಾರಿಯಲ್ಲೇ ಸಿಗುವ ಟೇಲರ್ ಕ್ರೀಕ್ ಹೊಳೆಯಲ್ಲಿ ಕೊಕಾನಿ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಕೆಂಪುಕೆಂಪಾಗಿ ಮೇಲೇರಿ ಬರುತ್ತವೆ. ಚಳಿಗಾಲದ ಮಾತೇ ಬೇರೆ. ಕೊಲ್ಲಿಯ ಮೇಲಿನ ರಸ್ತೆಯನ್ನು ಹಿಮಕುಸಿತದ ಭಯಕ್ಕೆ ಆಗಾಗ ಮುಚ್ಚುತ್ತಾರೆ. ಮೊದಲ ಸಲ ಹೋಗುವವರಿಗೆ ಅದು ಬೇಡ.

ಉಳಿಯುವುದಿದ್ದರೆ ಆರು ತಿಂಗಳ ಮೊದಲೇ ಎಚ್ಚರಾಗಿ

ಪಾರ್ಕ್ ಒಳಗೆ ಈಗಲ್ ಪಾಯಿಂಟ್ ಕ್ಯಾಂಪ್‌ಗ್ರೌಂಡ್ ಇದೆ. ಪಕ್ಕದ ಡಿ.ಎಲ್. ಬ್ಲಿಸ್ ಸ್ಟೇಟ್ ಪಾರ್ಕ್‌ನಲ್ಲೂ ಟೆಂಟ್ ಹಾಕಲು ಜಾಗ ಉಂಟು. ಎರಡಕ್ಕೂ ಬುಕಿಂಗ್ 'ರಿಸರ್ವ್ ಕ್ಯಾಲಿಫೋರ್ನಿಯಾ' ವೆಬ್‌ಸೈಟಿನಲ್ಲಿ, ಆರು ತಿಂಗಳ ಮೊದಲು, ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ. ಬೇಸಿಗೆಯ ವಾರಾಂತ್ಯಗಳು ನೋಡನೋಡುತ್ತಲೇ ಖಾಲಿ. ತತ್ಕಾಲ್ ಟಿಕೆಟ್ ಮಾಡಿಸಿ ಅಭ್ಯಾಸ ಇದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ ಅಲ್ವಾ? ಮೊದಲೇ ಲಾಗಿನ್ ಆಗಿರಿ, ದಿನಾಂಕ ಆರಿಸಿಟ್ಟಿರಿ. ಸಿಗದಿದ್ದರೆ ಬಿಟ್ಟುಬಿಡಬೇಡಿ. ರದ್ದಾದ ಜಾಗಗಳು ಮತ್ತೆ ಬರುತ್ತಿರುತ್ತವೆ, ಹೊರಡುವ ವಾರದವರೆಗೂ ಕಣ್ಣಿಟ್ಟಿರಿ.

ವಯಸ್ಸಾದವರು ಜೊತೆಗಿದ್ದರೆ ಟೆಂಟ್ ಬೇಡ, ಸೌತ್ ಲೇಕ್ ಟಾಹೋ ಊರಿನಲ್ಲಿ ರೂಮು ಮಾಡಿ. ಬೇಸಿಗೆಯಲ್ಲೂ ರಾತ್ರಿ ಚಳಿ ಹಿಡಿಯುತ್ತದೆ.

ದಾರಿ ಮತ್ತು ಪಾರ್ಕಿಂಗ್

ಬೇ ಏರಿಯಾದಿಂದ ಸುಮಾರು 200 ಮೈಲಿ. ಸ್ಯಾಕ್ರಮೆಂಟೋವರೆಗೆ ಇಂಟರ್‌ಸ್ಟೇಟ್ 80, ಅಲ್ಲಿಂದ ಹೈವೇ 50 ಹಿಡಿದು ಪ್ಲೇಸರ್‌ವಿಲ್ ದಾಟಿ, ಎಕೋ ಸಮಿಟ್ ಹತ್ತಿ ಇಳಿದರೆ ಸೌತ್ ಲೇಕ್ ಟಾಹೋ. ಅಲ್ಲಿಂದ ಹೈವೇ 89ರಲ್ಲಿ ಉತ್ತರಕ್ಕೆ. ರಸ್ತೆ ಖಾಲಿಯಿದ್ದರೆ ನಾಲ್ಕು ಗಂಟೆ ಸಾಕು. ಶುಕ್ರವಾರ ಸಂಜೆ ಹೊರಟರೆ ಎಷ್ಟು ಅಂತ ಕೇಳಬೇಡಿ. ಕೊನೆಯ ಕೆಲವು ಮೈಲಿ ಕಿರಿದಾದ ಘಾಟಿ ರಸ್ತೆ. ಎರಡೂ ಕಡೆ ಇಳಿಜಾರು ಇರುವ, ತಡೆಗೋಡೆ ಇಲ್ಲದ ಜಾಗವೂ ಇದೆ. ಚಾರ್ಮಾಡಿಯಲ್ಲಿ ಗಾಡಿ ಓಡಿಸಿದವರಿಗೆ ಹೊಸದೇನಲ್ಲ. ಆದರೆ ಓಡಿಸುವವರು ನೋಟ ನೋಡಬಾರದು, ಅದು ಪಕ್ಕದಲ್ಲಿ ಕೂತವರ ಕೆಲಸ.

ಪಾರ್ಕಿಂಗ್ ಜಾಗ ಚಿಕ್ಕದು. ಬೇಸಿಗೆಯಲ್ಲಿ ಬೆಳಿಗ್ಗೆ 8ರ ಒಳಗೆ ತಲುಪಿದರೆ ನೆಮ್ಮದಿ. 10 ಗಂಟೆಗೆ ಬಂದವರು ಸುಮ್ನೆ ಸುತ್ತು ಹೊಡೆಯುತ್ತಿರುತ್ತಾರೆ. ಸಿಟ್ಟಿಗೆ ರಸ್ತೆ ಪಕ್ಕ, ಬಿಳಿ ಗೆರೆಯ ಮೇಲೆ ನಿಲ್ಲಿಸಿದರೆ ದಂಡ ಬೀಳುತ್ತದೆ, ಕಾರನ್ನೇ ಎತ್ತಿಕೊಂಡು ಹೋಗುವುದೂ ಉಂಟು. ಇನ್ನೊಂದು ಮಾತು: ಯೊಸೆಮಿಟಿಗೆ ಅಂತ ತಗೊಂಡ ನ್ಯಾಷನಲ್ ಪಾರ್ಕ್ ವಾರ್ಷಿಕ ಪಾಸ್ ಇಲ್ಲಿ ನಡೆಯುವುದಿಲ್ಲ. ಇದು ರಾಜ್ಯದ ಪಾರ್ಕ್, ಶುಲ್ಕ ಬೇರೆ. ಪಾರ್ಕಿಂಗ್ ಮತ್ತು ಶಟಲ್ ನಿಯಮಗಳು ವರ್ಷ ವರ್ಷ ಬದಲಾಗುವುದರಿಂದ ಹೊರಡುವ ಹಿಂದಿನ ದಿನ ಪಾರ್ಕ್‌ನ ವೆಬ್‌ಸೈಟ್ ಒಮ್ಮೆ ನೋಡಿ. ನಾಯಿ ಸಾಕಿದವರು ಅದನ್ನು ಮನೆಯಲ್ಲೇ ಬಿಡುವುದು ವಾಸಿ, ಕೆಳಗಿನ ದಾರಿಗೂ ದಡಕ್ಕೂ ಬಿಡುವುದಿಲ್ಲ.

ಇಳಿಯುವ ಮೊದಲು ಮೇಲಿಂದಲೇ ಓದಿಕೊಳ್ಳಿ

ಕಾರು ನಿಂತ ಮೇಲೆ ಬಂಡೆಯ ಮೇಲೆ ನಿಂತು ಐದು ನಿಮಿಷ ಕೊಲ್ಲಿಯ ಆಕಾರ ನೋಡಿ. ಎಡಕ್ಕೂ ಬಲಕ್ಕೂ ಉದ್ದಕ್ಕೆ ಎರಡು ದಿಬ್ಬಗಳು, ಕೊನೆಯಲ್ಲಿ ಕಿರಿದಾದ ಬಾಯಿ. ಇದು ಹಿಮನದಿಯ ಕೆಲಸ. ಹಿಮಯುಗದಲ್ಲಿ ಪಶ್ಚಿಮದ ಬೆಟ್ಟಗಳಿಂದ ಜಾರಿ ಬಂದ ಮಂಜುಗಡ್ಡೆ ಈ ಕಣಿವೆಯನ್ನು ಕೆರೆದು ತೆಗೆಯಿತು. ಕೆರೆದ ಕಲ್ಲುಮಣ್ಣನ್ನು ಅಕ್ಕಪಕ್ಕಕ್ಕೆ ತಳ್ಳಿತು. ಆ ರಾಶಿಗಳೇ ಈಗ ಮರ ಬೆಳೆದಿರುವ ದಿಬ್ಬಗಳು. ಮುಂದೆ ತಳ್ಳಿದ್ದು ಕೊಲ್ಲಿಯ ಬಾಯಲ್ಲಿ ಉಳಿಯಿತು, ಅದಕ್ಕೇ ಅಲ್ಲಿ ಆಳ ಕಡಿಮೆ. ನಡುವೆ ಇರುವ ದ್ವೀಪ ಗಟ್ಟಿ ಗ್ರಾನೈಟ್, ಮಂಜುಗಡ್ಡೆಗೆ ಬಗ್ಗಲಿಲ್ಲ. ಇಡೀ ಟಾಹೋದಲ್ಲಿ ಇರುವ ದ್ವೀಪ ಇದೊಂದೇ. 1969ರಲ್ಲಿ ಕೊಲ್ಲಿಯನ್ನು ರಾಷ್ಟ್ರೀಯ ನೈಸರ್ಗಿಕ ಹೆಗ್ಗುರುತು ಎಂದು ಘೋಷಿಸಿದ್ದು ಹಿಮನದಿಯ ಈ ಕೆಲಸದ ಕಾರಣಕ್ಕೆ.

ಇಷ್ಟು ನೋಡಿಕೊಂಡು ಇಳಿಯಿರಿ. ದಾರಿ ಅಗಲವಾಗಿದೆ, ತಪ್ಪುವ ಭಯವಿಲ್ಲ. ಆದರೆ ಪುಡಿಗಲ್ಲಿನ ಮೇಲೆ ಚಪ್ಪಲಿ ಜಾರುತ್ತದೆ. ಶೂ ಹಾಕಿ, ಅಮ್ಮನಿಗೂ ಹಾಕಿಸಿ. ಸೀರೆಗೆ ಶೂ ಒಪ್ಪುವುದಿಲ್ಲ ಅಂದರೆ ಇಲ್ಲಿ ನೋಡುವವರು ಯಾರೂ ಇಲ್ಲ ಅನ್ನಿ.

ವೈಕಿಂಗ್ಸ್‌ಹೋಮ್: ಹುಳು ಕೊರೆದ ತೂತನ್ನೂ ನಕಲು ಮಾಡಿದ ಮನೆ

ಕೆಳಗೆ ಪೈನ್ ಮರಗಳ ನಡುವೆ ಕಲ್ಲು-ಮರದ ಒಂದು ದೊಡ್ಡ ಮನೆ ಕಾಣುತ್ತದೆ. ಸ್ಕ್ಯಾಂಡಿನೇವಿಯಾದ ಹಳ್ಳಿಯಿಂದ ಎತ್ತಿ ತಂದು ಇಟ್ಟ ಹಾಗಿದೆ. ಕಟ್ಟಿಸಿದವರು ಲೋರಾ ಜೋಸೆಫೀನ್ ನೈಟ್ ಅನ್ನುವ ಶ್ರೀಮಂತ ಹೆಂಗಸು. 1928ರಲ್ಲಿ ಕೊಲ್ಲಿಯ ಈ ದಡವನ್ನು ದ್ವೀಪದ ಸಮೇತ 2,50,000 ಡಾಲರ್‌ಗೆ ಕೊಂಡರು. ಕೊಲ್ಲಿ ನೋಡಿ ಅವರಿಗೆ ನೆನಪಾದದ್ದು ನಾರ್ವೆಯ ಕಡಲ ಕಣಿವೆಗಳು. ಸ್ವೀಡನ್ ಮೂಲದ ವಾಸ್ತುಶಿಲ್ಪಿ ಲೆನಾರ್ಟ್ ಪಾಲ್ಮೆ, ನೈಟ್ ಅವರ ಸಂಬಂಧಿಯೇ. ಅವರನ್ನು ಕರೆದುಕೊಂಡು ಸ್ಕ್ಯಾಂಡಿನೇವಿಯಾ ಸುತ್ತಿ, ಹಳೆಯ ಚರ್ಚು, ಕೋಟೆ, ರೈತರ ಮನೆ ಎಲ್ಲ ನೋಡಿ ಬಂದರು. 1929ರ ಬೇಸಿಗೆಯಲ್ಲಿ ಸುಮಾರು 200 ಕೆಲಸಗಾರರು ಸೇರಿ ಕಟ್ಟಿ ಮುಗಿಸಿದರು. ಒಟ್ಟು 38 ಕೋಣೆ. ಇಲ್ಲಿಯ ದೊಡ್ಡ ಮರಗಳನ್ನು ಕಡಿಯಬಾರದು ಎಂಬುದು ಅವರ ಷರತ್ತಾಗಿತ್ತು.

ಟಿಕೆಟ್ ತಗೊಂಡು ಒಳಗೆ ಹೋಗಿ, ದುಡ್ಡು ಉಳಿಸಬೇಡಿ. ಹೊರಗಿಂದ ನೋಡಿ ಬಂದವರಿಗೆ ಅರ್ಧವೇ ಸಿಗುವುದು. ಒಳಗೆ ಮೊದಲು ತಲೆ ಎತ್ತಿ ನೋಡಿ. ದೊಡ್ಡ ಕೋಣೆಯಲ್ಲಿ ಚಾವಣಿಯಿಂದ ಇಳಿಬಿದ್ದ ತೊಲೆಗಳ ತುದಿಗೆ ಡ್ರ್ಯಾಗನ್ ತಲೆಗಳನ್ನು ಕೆತ್ತಿದ್ದಾರೆ. ಆಮೇಲೆ ಪೀಠೋಪಕರಣಗಳ ಹತ್ತಿರ ಹೋಗಿ. ನೈಟ್ ಅವರಿಗೆ ಇಷ್ಟವಾದ ಕೆಲವು ಹಳೆಯ ಸಾಮಾನುಗಳನ್ನು ದೇಶದಿಂದ ಹೊರಗೆ ಸಾಗಿಸಲು ಅಲ್ಲಿಯವರು ಬಿಡಲಿಲ್ಲ, ಅಷ್ಟು ಬೆಲೆಯುಳ್ಳವು. ಸರಿ, ಅವನ್ನೇ ಹೋಲುವಂತೆ ಮಾಡಿಸಿದರು. ಅಳತೆ, ಬಣ್ಣ ಮಾತ್ರ ಅಲ್ಲ, ಹಳೆಯ ಮರದ ಮೇಲಿದ್ದ ಗೀರು, ಹುಳು ಕೊರೆದ ತೂತು ಕೂಡ. ಮಕ್ಕಳಿಗೆ ತೂತು ಹುಡುಕುವ ಕೆಲಸ ಕೊಟ್ಟರೆ ಗೈಡ್ ಹೇಳುವುದನ್ನು ದೊಡ್ಡವರು ನೆಮ್ಮದಿಯಾಗಿ ಕೇಳಬಹುದು.

ಹೊರಗೆ ಬಂದು ಅಂಗಳದಲ್ಲಿ ನಿಂತು ಎರಡೂ ಬದಿಯ ಚಾವಣಿ ನೋಡಿ. ಹೆಂಚಿಲ್ಲ, ಮಣ್ಣು ಹಾಕಿ ಹುಲ್ಲು ಬೆಳೆಸಿದ್ದಾರೆ. ಸ್ಕ್ಯಾಂಡಿನೇವಿಯಾದ ಹಳ್ಳಿಗಳಲ್ಲಿ ಹಾಗೇ ಮಾಡುತ್ತಿದ್ದರು, ಚಳಿಗೆ ಒಳಗೆ ಬೆಚ್ಚಗಿರಲಿ ಅಂತ.

ನೈಟ್ 1945ರಲ್ಲಿ ತೀರಿಕೊಂಡರು. ಜಾಗ ಕೈಯಿಂದ ಕೈಗೆ ಹೋಗಿ ಹಾರ್ವೆ ವೆಸ್ಟ್ ಎಂಬ ಮರದ ವ್ಯಾಪಾರಿಯ ಪಾಲಾಯಿತು. ಅವರು ಅಂದಾಜು ಬೆಲೆಯ ಅರ್ಧವನ್ನು ಬಿಟ್ಟುಕೊಟ್ಟು ರಾಜ್ಯಕ್ಕೆ ಮಾರಿದರು. ಹಾಗೆ 1953ರಲ್ಲಿ ಇದು ಎಲ್ಲರದ್ದಾಯಿತು. ಮರ ಕಡಿಸಿ ದುಡ್ಡು ಮಾಡಿದವರೇ ಕಾಡು ಬಿಟ್ಟುಕೊಟ್ಟ ಈ ಸಂಗತಿ ಟಾಹೋದಲ್ಲಿ ಇದೊಂದೇ ಸಲ ನಡೆದದ್ದಲ್ಲ, ಮುಂದೆ ಹೇಳುತ್ತೇನೆ.

ನೀರಿಗಿಳಿಯುವವರು, ದೋಣಿ ಹತ್ತುವವರು

ಮನೆಯ ಮುಂದೆಯೇ ಮರಳಿನ ದಡ. ನೀರು ತಿಳಿಯಾಗಿದೆ, ತಳದ ಕಲ್ಲು ಲೆಕ್ಕ ಹಾಕಬಹುದು. ಆ ತಿಳಿಗೆ ಮೋಸ ಹೋಗಬೇಡಿ. ಬಿರುಬೇಸಿಗೆಯಲ್ಲೂ ಮೇಲ್ಮೈ ನೀರು 20 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಜೂನ್‌ನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ದಡದಿಂದ ಸ್ವಲ್ಪ ದೂರಕ್ಕೇ ಆಳ ಶುರು. ಒಮ್ಮೆಲೇ ಹಾರಿದರೆ ಚಳಿಯ ಹೊಡೆತಕ್ಕೆ ಉಸಿರು ಎಳೆದುಕೊಳ್ಳುತ್ತದೆ, ಈಜು ಬರುವವರೂ ಆ ಒಂದು ನಿಮಿಷದಲ್ಲಿ ನೀರು ಕುಡಿಯುತ್ತಾರೆ. ನಿಧಾನ ಇಳಿಯಿರಿ, ಮೊಣಕಾಲು, ಸೊಂಟ, ಆಮೇಲೆ ಉಳಿದದ್ದು.

ದ್ವೀಪಕ್ಕೆ ಕಯಾಕ್ ಅಥವಾ ಪ್ಯಾಡಲ್ ಬೋರ್ಡ್‌ನಲ್ಲಿ ಹೋಗಬಹುದು. ಬೇಸಿಗೆಯಲ್ಲಿ ಬಾಡಿಗೆಗೆ ಸಿಗುತ್ತವೆ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಮೇಲೆ ಗಾಳಿ ಎದ್ದು ಅಲೆ ಬರುತ್ತದೆ, ದೊಡ್ಡ ದೋಣಿಗಳ ಓಡಾಟವೂ ಜಾಸ್ತಿ. ಒಬ್ಬೊಬ್ಬರಿಗೂ ಲೈಫ್ ಜಾಕೆಟ್ ಇರಲೇಬೇಕು ಅನ್ನುವುದು ಕ್ಯಾಲಿಫೋರ್ನಿಯಾದ ಕಾನೂನು, 13 ವರ್ಷದೊಳಗಿನ ಮಕ್ಕಳು ಹಾಕಿಕೊಂಡೇ ಇರಬೇಕು. ದೊಡ್ಡವರೂ ಹಾಕಿಕೊಳ್ಳಿ. ಸೆಲ್ಫಿಗೆ ಅಡ್ಡ ಬಂದರೆ ಬರಲಿ. ಸ್ವಂತ ಕಯಾಕ್ ತರುವವರು ಹಿಂದೆ ಬೇರೆ ಕೆರೆಗೆ ಇಳಿಸಿದ್ದರೆ ಅಲ್ಲಿಯ ನೀರು, ಕೆಸರು ಒಂದು ಹನಿಯೂ ಇಲ್ಲದಂತೆ ತೊಳೆದು ಒಣಗಿಸಿ ತನ್ನಿ. ಹೊರಗಿನ ಕಪ್ಪೆಚಿಪ್ಪು, ಕಳೆ ಇಲ್ಲಿಗೆ ಬರದಿರಲಿ ಅಂತ ತಪಾಸಣೆ ಕಟ್ಟುನಿಟ್ಟಾಗಿದೆ.

ದ್ವೀಪದ ತುದಿಯಲ್ಲಿ ಕಾಣುವ ಕಲ್ಲಿನ ಗೋಡೆಗಳು ನೈಟ್ ಅವರ ಟೀ ಹೌಸ್. ಅತಿಥಿಗಳನ್ನು ದೋಣಿಯಲ್ಲಿ ಕರೆತಂದು ಟೀ ಕೊಡುತ್ತಿದ್ದರು. ಒಂದು ಕಪ್ ಟೀಗೆ ಇಷ್ಟು ಖರ್ಚು ಅಂತ ನಮ್ಮ ಅಜ್ಜಿಯರು ಗದರುತ್ತಿದ್ದರೇನೋ. ಅದಕ್ಕೂ ಮೊದಲು, 1863ರಿಂದ 1873ರವರೆಗೆ, ಡಿಕ್ ಬಾರ್ಟರ್ ಅನ್ನುವ ಇಂಗ್ಲೆಂಡಿನ ಮಾಜಿ ನಾವಿಕ ಈ ಕೊಲ್ಲಿಯಲ್ಲಿ ಒಂಟಿಯಾಗಿ ಬದುಕಿದ್ದ. ಶ್ರೀಮಂತರೊಬ್ಬರ ಬೇಸಿಗೆ ಮನೆ ಕಾಯುವುದು ಅವನ ಕೆಲಸ. ತಾನು ಸತ್ತರೆ ಇಲ್ಲೇ ಮಲಗುತ್ತೇನೆ ಅಂತ ದ್ವೀಪದ ಮೇಲೆ ತನಗೆ ತಾನೇ ಸಮಾಧಿ ಕಟ್ಟಿಕೊಂಡ. 1873ರಲ್ಲಿ ದೋಣಿಯಲ್ಲಿ ವಾಪಸು ಬರುವಾಗ ಬಿರುಗಾಳಿಗೆ ಸಿಕ್ಕಿದ. ದೋಣಿ ರೂಬಿಕಾನ್ ಪಾಯಿಂಟ್ ಹತ್ತಿರ ಒಡೆದು ಸಿಕ್ಕಿತು, ಹೆಣ ಸಿಗಲೇ ಇಲ್ಲ. ಸಮಾಧಿ ಖಾಲಿ ಉಳಿಯಿತು. ಗಾಳಿಯ ಬಗ್ಗೆ ಮೇಲೆ ಹೇಳಿದ್ದನ್ನು ನೆನಪಿಟ್ಟುಕೊಳ್ಳಿ.

ಸ್ಕೂಬಾ ಬಲ್ಲವರಿಗೆ ಇನ್ನೊಂದು ಆಕರ್ಷಣೆ ಇದೆ. ಕೊಲ್ಲಿಯ ತಳದಲ್ಲಿ ಹಳೆಯ ಸರಕು ದೋಣಿಗಳು, ಪುಟ್ಟ ವಿಹಾರ ದೋಣಿಗಳು ಮುಳುಗಿ ಕೂತಿವೆ. ತಣ್ಣೀರಿನಲ್ಲಿ ಮರ ಕೊಳೆಯುವುದು ನಿಧಾನ. 2018ರಲ್ಲಿ ಪಾರ್ಕ್‌ನವರು ಅವನ್ನೆಲ್ಲ ಸೇರಿಸಿ ನೀರೊಳಗಿನ ಪಾರಂಪರಿಕ ದಾರಿ ಮಾಡಿದರು.

ನಡಿಗೆ: ಶಕ್ತಿ ನೋಡಿಕೊಂಡು ಆರಿಸಿ

ಚಿಕ್ಕದು ಬೇಕಿದ್ದರೆ ಮನೆಯ ಹಿಂದಿನಿಂದ ಲೋವರ್ ಈಗಲ್ ಫಾಲ್ಸ್ ಬುಡಕ್ಕೆ ಹೋಗಿ. ಹತ್ತು-ಹದಿನೈದು ನಿಮಿಷದ ದಾರಿ, ಮಕ್ಕಳೂ ನಡೆಯುತ್ತಾರೆ. ಮೇಲಿಂದ ನೋಡಿದ್ದಕ್ಕಿಂತ ಇಲ್ಲಿಂದ ನೋಡುವುದೇ ಚೆಂದ. ಮೇಲೆ, ರಸ್ತೆ ಪಕ್ಕ ಜಲಪಾತದ ತುದಿಯ ಬಂಡೆಗಳ ಮೇಲೆ ಹತ್ತಿ ನಿಲ್ಲುವವರನ್ನು ನೀವು ನೋಡುತ್ತೀರಿ. ಅವರ ಜೊತೆ ಸೇರಬೇಡಿ. ಒದ್ದೆ ಗ್ರಾನೈಟ್ ಮೇಲಿಂದ ಜಾರಿ ಸತ್ತವರಿದ್ದಾರೆ.

ಗಟ್ಟಿಮುಟ್ಟಾದವರಿಗೆ ರೂಬಿಕಾನ್ ಟ್ರೇಲ್. ವೈಕಿಂಗ್ಸ್‌ಹೋಮ್‌ನಿಂದ ಡಿ.ಎಲ್. ಬ್ಲಿಸ್ ಪಾರ್ಕ್‌ವರೆಗೆ ಸುಮಾರು 4.5 ಮೈಲಿ, ಸರೋವರದ ಅಂಚಿನಲ್ಲೇ. ಎರಡು ಕಾರು ಇದ್ದರೆ ಒಂದನ್ನು ಆ ತುದಿಯಲ್ಲಿ ಬಿಟ್ಟು ಬನ್ನಿ, ವಾಪಸು ನಡೆಯುವುದು ತಪ್ಪುತ್ತದೆ. ಅಲ್ಲಿ ಬಂಡೆಗಳ ಮೇಲೆ ಒಂದು ಪುಟ್ಟ ಮರದ ಗೂಡು ಸಿಗುತ್ತದೆ. ಶೌಚಾಲಯ ಅಂದುಕೊಂಡು ದಾಟಿಬಿಡುವವರೇ ಜಾಸ್ತಿ. ಅದು ಹಳೆಯ ದೀಪಸ್ತಂಭ! ನೂರು ವರ್ಷಕ್ಕೂ ಹಿಂದಿನದು.

ಈ ಬ್ಲಿಸ್ ಯಾರು? 1859ರಲ್ಲಿ ಪಕ್ಕದ ನೆವಾಡಾದಲ್ಲಿ ಕಾಮ್‌ಸ್ಟಾಕ್ ಬೆಳ್ಳಿ ಗಣಿ ಶುರುವಾಯಿತು. ಗಣಿಯ ಸುರಂಗ ಕುಸಿಯದಂತೆ ಒಳಗೆ ಮರದ ಚೌಕಟ್ಟು ಕೊಡಬೇಕು. ಅದಕ್ಕೆ ಬೇಕಾದ ಮರಕ್ಕೆಲ್ಲ ಟಾಹೋ ಸುತ್ತಲಿನ ಕಾಡೇ ಗತಿಯಾಯಿತು. ಡ್ವೇನ್ ಎಲ್. ಬ್ಲಿಸ್ ಅವರ ಕಂಪನಿ ದಿಮ್ಮಿಗಳನ್ನು ಸರೋವರದ ಮೇಲೆ ಎಳೆಸಿ, ಕೊಯ್ದು, ನೀರು ಹರಿಯುವ ಮರದ ಕಾಲುವೆಗಳಲ್ಲಿ ಕೆಳಗೆ ಕಣಿವೆಗೆ ಬಿಡುತ್ತಿತ್ತು. ಶತಮಾನ ಮುಗಿಯುವ ಹೊತ್ತಿಗೆ ಸುತ್ತಲಿನ ಬೆಟ್ಟಗಳು ಬಹುಪಾಲು ಬೋಳು. ಈಗ ನೀವು ನೋಡುವ ಕಾಡು ಹೆಚ್ಚಾಗಿ ಆಮೇಲೆ ಬೆಳೆದದ್ದು. 1929ರಲ್ಲಿ ಅದೇ ಕುಟುಂಬ 744 ಎಕರೆಯನ್ನು ಪಾರ್ಕ್ ಮಾಡಲು ಕೊಟ್ಟಿತು. ಒಳ್ಳೆಯತನವೋ ಪ್ರಾಯಶ್ಚಿತ್ತವೋ ನಾನು ಹೇಳಲಾರೆ. ಆ ದಾರಿಯಲ್ಲಿ ಉಳಿದ ಹಳೆಯ ಮರಗಳ ಬುಡ ತಬ್ಬಲು ಎಷ್ಟು ಜನ ಬೇಕಾಗುತ್ತದೆ ಅಂತ ಮಾತ್ರ ನೋಡಿ.

ರಸ್ತೆಯ ಮೇಲ್ಬದಿಯಿಂದ ಈಗಲ್ ಲೇಕ್‌ಗೂ ಒಂದು ಮೈಲಿಯ ದಾರಿ ಇದೆ. ಅದು ಡೆಸೊಲೇಶನ್ ವೈಲ್ಡರ್‌ನೆಸ್ ಪ್ರದೇಶ, ಒಂದು ದಿನದ ನಡಿಗೆಗೂ ಪರ್ಮಿಟ್ ಬೇಕು. ಮರೆಯಬೇಡಿ.

ಊಟ ಮತ್ತು ಕರಡಿ

ಕೆಳಗೆ ಹೋಟೆಲ್ ಅಂತ ನಂಬಿಕೊಂಡು ಹೋಗಬೇಡಿ. ಚಿತ್ರಾನ್ನ, ಮೊಸರನ್ನ, ಚಪಾತಿ-ಪಲ್ಯ ಏನಾದರೂ ಕಟ್ಟಿಕೊಳ್ಳಿ. ನೀರು ತಲೆಗೆ ಎರಡು ಲೀಟರ್ ಇರಲಿ. ಕ್ಯಾಂಪ್‌ನಲ್ಲಿ ಅಡುಗೆ ಮಾಡುವವರಿಗೆ ಒಂದು ಕಿವಿಮಾತು: ಈ ಎತ್ತರದಲ್ಲಿ ನೀರು ಕುದಿಯುವುದೇ 93-94 ಡಿಗ್ರಿಗೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬೇಯಿಸಲು ಹೋದರೆ ಕತ್ತಲಾಗುತ್ತದೆ. ಕುಕ್ಕರ್ ತನ್ನಿ, ಇಲ್ಲವೇ ಮನೆಯಲ್ಲೇ ಬೇಯಿಸಿಕೊಂಡು ಬನ್ನಿ.

ಕಪ್ಪು ಕರಡಿಗಳು ಇಲ್ಲಿ ಇವೆ, ಕಥೆಯಲ್ಲ. ಮನುಷ್ಯರನ್ನು ಹುಡುಕಿ ಬರುವುದಿಲ್ಲ, ವಾಸನೆ ಹುಡುಕಿ ಬರುತ್ತವೆ. ಕ್ಯಾಂಪ್‌ನಲ್ಲಿ ಕಬ್ಬಿಣದ ಪೆಟ್ಟಿಗೆ ಕೊಟ್ಟಿರುತ್ತಾರೆ. ಊಟದ ಸಾಮಾನು ಮಾತ್ರ ಅಲ್ಲ, ವಾಸನೆ ಬರುವುದೆಲ್ಲ ಅದರೊಳಗೆ ಹೋಗಬೇಕು: ಟೂತ್‌ಪೇಸ್ಟ್, ಸೋಪು, ಅಮ್ಮನ ಕೊಬ್ಬರಿ ಎಣ್ಣೆ ಬಾಟಲಿ, ಕಾರಿನ ಸೀಟಿನ ಸಂದಿಗೆ ಬಿದ್ದ ಕೋಡುಬಳೆ ಚೂರು ಸಹ. ಕಾರಿನ ಬಾಗಿಲು ತೆರೆಯುವುದು ಕರಡಿಗೆ ಗೊತ್ತು. ಗೊತ್ತಿಲ್ಲದಿದ್ದರೆ ಕಿತ್ತುಹಾಕುತ್ತದೆ.

ವಾಪಸು ಹತ್ತುವುದು

ನಂದಿಬೆಟ್ಟದಲ್ಲಿ ಮೊದಲು ಹತ್ತಿ, ಸುಸ್ತಾದ ಮೇಲೆ ಇಳಿಯುತ್ತೇವೆ. ಇಲ್ಲಿ ಉಲ್ಟಾ. ಈಜಿ, ಉಂಡು, ಕಾಲು ಸೋತ ಮೇಲೆ ಏರು ಶುರು. ಗಾಳಿಯೂ ತೆಳು. ಬೆಂಗಳೂರಿನಿಂದ ಬಂದು ನಾಲ್ಕು ದಿನವಾದ ಅಪ್ಪನಿಗೆ ಹೃದಯದ, ಉಸಿರಾಟದ ತೊಂದರೆ ಇದ್ದರೆ ಕೆಳಗೆ ಕರೆದುಕೊಂಡು ಹೋಗುವ ಹಟ ಬೇಡ. ಮೇಲೆ ಇನ್‌ಸ್ಪಿರೇಶನ್ ಪಾಯಿಂಟ್‌ನಲ್ಲಿ ಒಬ್ಬರು ಜೊತೆಗಿದ್ದು ಕೂರಿಸಿದರೆ ಅವರಿಗೂ ಖುಷಿ. ಉಳಿದವರು ಮಧ್ಯಾಹ್ನ 3ರ ಸುಡುಬಿಸಿಲಿಗೆ ಹತ್ತಬೇಡಿ. ಒಂದೋ 12ರ ಒಳಗೆ, ಇಲ್ಲವೇ 5ರ ಮೇಲೆ. ಇಳಿಯಲು ಅರ್ಧ ಗಂಟೆ ಸಾಕು, ಹತ್ತಲು ಒಂದು ಗಂಟೆ ಇಟ್ಟುಕೊಳ್ಳಿ.

ಎರಡನೇ ದಿನ ಇದ್ದರೆ

ಹೈವೇ 89ರಲ್ಲೇ ಉತ್ತರಕ್ಕೆ ಹೋಗಿ. ಮೊದಲು ಶುಗರ್ ಪೈನ್ ಪಾಯಿಂಟ್ ಸ್ಟೇಟ್ ಪಾರ್ಕ್ ಸಿಗುತ್ತದೆ. ಅಲ್ಲಿ ಬ್ಯಾಂಕರ್ ಐಸಾಯಸ್ ಹೆಲ್‌ಮನ್ 1903ರಲ್ಲಿ ಮುಗಿಸಿದ ಬಂಗಲೆ ಇದೆ, ಜೊತೆಗೆ ವಿಲಿಯಂ ಫಿಪ್ಸ್ ಎಂಬ ಮೊದಲ ನೆಲೆಗಾರ 1870ರ ದಶಕದಲ್ಲಿ ಕಟ್ಟಿಕೊಂಡ ದಿಮ್ಮಿಯ ಗುಡಿಸಲು. ಎರಡನ್ನೂ ಒಂದೇ ಬೆಳಿಗ್ಗೆ ನೋಡಬಹುದು. 1960ರ ಚಳಿಗಾಲದ ಒಲಿಂಪಿಕ್ಸ್‌ನ ಕ್ರಾಸ್‌ಕಂಟ್ರಿ ಸ್ಕೀ ಸ್ಪರ್ಧೆಗಳ ದಾರಿಗಳೂ ಈ ಕಾಡಿನಲ್ಲಿ ಹಾದುಹೋಗಿದ್ದವು.

ನಂತರ ಟಾಹೋ ಸಿಟಿ. ಅಲ್ಲಿ ಟ್ರಕ್ಕಿ ನದಿ ಶುರುವಾಗುವ ಜಾಗದಲ್ಲಿ 17 ಬಾಗಿಲಿನ ಪುಟ್ಟ ಅಣೆಕಟ್ಟು ಇದೆ. ಟಾಹೋಗೆ 63 ಹೊಳೆಗಳು ಬಂದು ಸೇರುತ್ತವೆ, ಹೊರಗೆ ಹೋಗುವುದು ಇದೊಂದೇ. ಹೋಗುವುದೂ ಕಡಲಿಗಲ್ಲ, ನೆವಾಡಾದ ಮರುಭೂಮಿಯಲ್ಲಿರುವ ಪಿರಮಿಡ್ ಲೇಕ್‌ಗೆ. ಅಣೆಕಟ್ಟಿನ ಪಕ್ಕದ ಗೇಟ್‌ಕೀಪರ್ಸ್ ಮ್ಯೂಸಿಯಂಗೆ ಒಂದು ಗಂಟೆ ಕೊಡಿ. ವೈಕಿಂಗ್ಸ್‌ಹೋಮ್‌ನಲ್ಲಿ ಕೇಳಿದ್ದೆಲ್ಲ ನೂರೈವತ್ತು ವರ್ಷದ ಈಚಿನ ಕಥೆ. ಅದಕ್ಕೂ ಸಾವಿರಾರು ವರ್ಷ ಮೊದಲಿಂದ ಈ ದಡ ವಾಶೋ ಎಂಬ ಮೂಲ ನಿವಾಸಿ ಜನರದು. ಚಳಿಗಾಲ ಕೆಳಗಿನ ಕಣಿವೆಗಳಲ್ಲಿ, ಬೇಸಿಗೆಗೆ ಸರೋವರದ ದಡಕ್ಕೆ ಬಂದು ಮೀನು ಹಿಡಿಯುತ್ತಿದ್ದರು. ಗಣಿ, ಗರಗಸ, ಬೇಸಿಗೆ ಬಂಗಲೆಗಳು ಬಂದಂತೆ ಅವರ ಜಾಗ ಹೋಯಿತು. ಅವರು ಹಿಡಿಯುತ್ತಿದ್ದ ಕಟ್‌ತ್ರೋಟ್ ಟ್ರೌಟ್ ಮೀನೂ 1930ರ ದಶಕದ ಹೊತ್ತಿಗೆ ಟಾಹೋದಿಂದ ಕಾಣೆಯಾಯಿತು, ಅತಿಯಾಗಿ ಹಿಡಿದದ್ದು ಮತ್ತು ಹೊರಗಿನ ಮೀನು ತಂದು ಬಿಟ್ಟದ್ದು ಮುಖ್ಯ ಕಾರಣ.

ಮ್ಯೂಸಿಯಂನ ಬುಟ್ಟಿಗಳ ವಿಭಾಗದಲ್ಲಿ ಅಮೆರಿಕದ ಮೂಲ ನಿವಾಸಿಗಳು ಹೆಣೆದ ನೂರಾರು ಬುಟ್ಟಿಗಳಿವೆ. ಹತ್ತಿರ ಹೋಗಿ ಹೆಣಿಗೆ ನೋಡಿ, ವಿಲೋ ಕಡ್ಡಿಯನ್ನು ದಾರದಷ್ಟು ತೆಳ್ಳಗೆ ಸೀಳಿ ಸುತ್ತಿದ್ದಾರೆ. 1925ರಲ್ಲಿ ತೀರಿಕೊಂಡ ವಾಶೋ ಹೆಂಗಸು ದಾತ್ ಸೋ ಲಾ ಲೀ ಈ ಕಲೆಯಲ್ಲಿ ದೇಶಕ್ಕೇ ಹೆಸರಾಗಿದ್ದರು. ಬೇಸಿಗೆಯಲ್ಲಿ ಟಾಹೋ ಸಿಟಿಯಲ್ಲಿ ಕೂತು ಹೆಣೆಯುತ್ತಿದ್ದರು, ಕೊಳ್ಳಲು ಬರುತ್ತಿದ್ದವರು ಪ್ರವಾಸಿಗರು.

ಸಾಧ್ಯವಿದ್ದರೆ ಮ್ಯೂಸಿಯಂ ಮೊದಲ ದಿನವೇ ಮುಗಿಸಿ, ಎಮರಾಲ್ಡ್ ಬೇ ಎರಡನೇ ದಿನಕ್ಕೆ ಇಟ್ಟುಕೊಳ್ಳಿ. ಹಾಗಾದರೆ ಹೋಗುವಾಗ ಇಂಟರ್‌ಸ್ಟೇಟ್ 80ರಲ್ಲಿ ಟ್ರಕ್ಕಿ ಊರಿನ ಮೂಲಕ ಬಂದು, ವಾಪಸು ಹೈವೇ 50ರಲ್ಲಿ ಹೊರಡಬಹುದು, ಬಂದ ದಾರಿಯಲ್ಲೇ ಮರಳುವುದು ತಪ್ಪುತ್ತದೆ. ಭಾನುವಾರ ಮಧ್ಯಾಹ್ನ ಆ ರಸ್ತೆ ಹಿಡಿಯುವ ಬದಲು ಸೌತ್ ಲೇಕ್ ಟಾಹೋದಲ್ಲಿ ರಾತ್ರಿಯ ಊಟ ಮುಗಿಸಿ, ಪೆಟ್ರೋಲ್ ತುಂಬಿಸಿಕೊಂಡು, 8ರ ಮೇಲೆ ಹೊರಡಿ.